ದೂರುವ ನಾಲಿಗೆ, ಹೊರುವ ಹೆಗಲು



ಮಠಕ್ಕೆ ಬರುವ ಭಕ್ತರು ಎರಡು ವಸ್ತುಗಳನ್ನು ತಪ್ಪದೆ ತರುತ್ತಾರೆ. ಒಂದು ಕಾಣಿಕೆ, ಇನ್ನೊಂದು ದೂರು. ಕಾಣಿಕೆಯನ್ನು ಗದ್ದುಗೆಯ ಮುಂದೆ ಇಟ್ಟು ಹೋಗುತ್ತಾರೆ. ದೂರನ್ನು ಮಾತ್ರ ನಮ್ಮೆದುರು ಬಿಚ್ಚಿ ತೋರಿಸಿ, ಮತ್ತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಮಳೆ ಹಿಡಿದರೆ ಬಿಡುವುದಿಲ್ಲ, ಅಡಿಕೆಗೆ ದರ ನಿಲ್ಲುವುದಿಲ್ಲ, ಕೊನೆ ಕೊಯ್ಯಲು ಆಳಿಲ್ಲ, ಮಂಗಗಳು ತೋಟ ಉಳಿಸುವುದಿಲ್ಲ, ಅರಣ್ಯ ಇಲಾಖೆಯವರು ಕಾಟ ಕೊಡುತ್ತಾರೆ, ಬೆಂಗಳೂರಿಗೆ ಹೋದ ಮಗ ಊರ ಕಡೆ ಮುಖ ಹಾಕುವುದಿಲ್ಲ. ಇವು ಸುಳ್ಳೆಂದು ನಾವು ಹೇಳುವುದಿಲ್ಲ. ಬಹುಮಟ್ಟಿಗೆ ಇವೆಲ್ಲ ನಿಜವೇ. ಆದರೆ ನಿಜವಾದ ದೂರೂ ಒಯ್ದಂತೆಯೇ ಮರಳಿ ಮನೆಗೆ ಏಕೆ ಬರುತ್ತದೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಮನುಷ್ಯ ದೂರುವುದಕ್ಕೆ ಮೊದಲ ಕಾರಣ ನೋವು. ನೊಂದವನು ನರಳುತ್ತಾನೆ, ಅದರಲ್ಲಿ ತಪ್ಪಿಲ್ಲ. ಎರಡನೆಯ ಕಾರಣ ಸಂಗ. ಒಬ್ಬನೇ ಕುಳಿತು ದೂರುವವರು ಕಡಿಮೆ. ಜಗಲಿಯ ಮೇಲೆ ನಾಲ್ಕು ಜನ ಕೂಡಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡಾಗ, ಅಲ್ಲಿಲ್ಲದ ಐದನೆಯವನನ್ನು ದೂರಿದರೆ ಆ ನಾಲ್ವರಲ್ಲಿ ಸ್ನೇಹ ಬೆಳೆಯುತ್ತದೆ. ಖರ್ಚಿಲ್ಲದ ಸ್ನೇಹ ಅದು. ಮೂರನೆಯ ಕಾರಣ ಇವೆರಡಕ್ಕಿಂತ ಸೂಕ್ಷ್ಮವಾದದ್ದು. ತಪ್ಪು ಇನ್ನೊಬ್ಬನದೆಂದು ಸಿದ್ಧವಾದ ಕ್ಷಣದಲ್ಲಿ ಕೆಲಸವೂ ಅವನದೇ ಎಂದು ಸಿದ್ಧವಾಗುತ್ತದೆ. ನಾವು ಎದ್ದು ನಿಲ್ಲಬೇಕಾದ ಅಗತ್ಯವೇ ಉಳಿಯುವುದಿಲ್ಲ. ದೂರು ಹೇಳುವವನು ದೂರವೇ ನಿಲ್ಲುತ್ತಾನೆ.

ವ್ಯಾಕರಣಶಾಸ್ತ್ರವು ಇದನ್ನು ಬಹು ಸ್ಪಷ್ಟವಾಗಿ ತೋರಿಸುತ್ತದೆ. ಮಹರ್ಷಿ ಪಾಣಿನಿಯು ಕರ್ತೃವಿಗೆ ಕೊಟ್ಟ ಲಕ್ಷಣ ಒಂದೇ: ಯಾವನು ಸ್ವತಂತ್ರನೋ ಅವನು ಕರ್ತೃ. ಈಗ ನಮ್ಮ ದೂರುಗಳನ್ನು ಪರೀಕ್ಷಿಸಿರಿ. ಸರಕಾರ ನಮ್ಮನ್ನು ಹಾಳು ಮಾಡಿತು. ಮಳೆ ನಮ್ಮನ್ನು ಕೆಡಿಸಿತು. ವ್ಯಾಪಾರಿ ನಮ್ಮನ್ನು ಮುಳುಗಿಸಿದ. ಪ್ರತಿಯೊಂದು ವಾಕ್ಯದಲ್ಲಿಯೂ 'ನಾವು' ಎಂಬುದು ದ್ವಿತೀಯಾ ವಿಭಕ್ತಿಯಲ್ಲಿದೆ, ಕರ್ಮಸ್ಥಾನದಲ್ಲಿದೆ. ಕರ್ತೃಸ್ಥಾನವನ್ನು ನಾವೇ ಎದ್ದು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ. ಹೊಣೆ ಹೊರುವುದೆಂದರೆ ದ್ವಿತೀಯೆಯಿಂದ ಪ್ರಥಮೆಗೆ ಬರುವುದು. ಪರತಂತ್ರನಾಗಿದ್ದವನು ಸ್ವತಂತ್ರನಾಗುವುದು.

ಇದು ಬರಿಯ ಶಾಸ್ತ್ರದ ಮಾತಾಗಿ ಉಳಿಯಬಾರದು. ಕೋಲಸಿರ್ಸಿಯಲ್ಲಿ ಕುಳಿತು ಇದನ್ನು ವಿಚಾರಿಸುವಾಗ ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಸಿದ್ದಾಪುರ, ಶಿರಸಿ, ಯಲ್ಲಾಪುರ, ಈ ಮೂರು ತಾಲೂಕಿನ ಜನ ತಮ್ಮ ಕಾಡಿನ ವಿಷಯದಲ್ಲಿ ಸುಮಾರು ನೂರು ವರ್ಷ ನಡೆದ ದಾರಿಯನ್ನು ನೋಡಿದರೆ, ದೂರು ಹೊಣೆಯಾಗಿ ಮಾರ್ಪಟ್ಟ ಕ್ರಮ ಅಂಗೈ ನೆಲ್ಲಿಯಂತೆ ಕಾಣುತ್ತದೆ. ಈ ದಿನ ಆ ಇತಿಹಾಸವನ್ನೇ ಹೇಳುತ್ತೇವೆ.

1799ರಲ್ಲಿ ಟಿಪ್ಪೂ ಸುಲ್ತಾನನ ಪತನವಾದ ಮೇಲೆ ಈ ಸೀಮೆ ಇಂಗ್ಲಿಷರ ಕೈಸೇರಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಅಪ್ಪಣೆಯಂತೆ ಈ ಭಾಗವನ್ನು ಸುತ್ತಿ, ಕಂಡದ್ದನ್ನು ಬರೆದಿಟ್ಟ. ಆ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕನ್ನಡ ಜಿಲ್ಲೆಯಲ್ಲಿ ಅವನು ಕಂಡ ಒಂದು ಸಂಗತಿ ಹೀಗಿದೆ: ಇಲ್ಲಿ ಊರ ಕಾಡು ಊರ ದೇವರಿಗೆ ಸೇರಿದ್ದು. ಗೌಡನ ಒಪ್ಪಿಗೆ ಇಲ್ಲದೆ ಮರ ಕಡಿಯುವಂತಿಲ್ಲ. ಆ ಗೌಡನೇ ದೇವರ ಪೂಜಾರಿಯೂ ಹೌದು. ಅಪ್ಪಣೆಗೆ ಹಣ ಕೊಡಬೇಕಾಗಿಲ್ಲ. ಕೇಳದೆ ಕಡಿದರೆ ಮಾತ್ರ ದೇವರು ಮುನಿಯುತ್ತಾನೆ. ಬುಕಾನನ್ನನಿಗೆ ಇದು ಸರಕಾರದ ಕೈಗೆ ಕಾಡು ಹೋಗದಂತೆ ಜನ ಹೂಡಿದ ಉಪಾಯವಾಗಿ ಕಂಡಿತು. ಅವನಿಗೆ ಹಾಗೆ ಕಂಡದ್ದು ಸಹಜ. ನಮಗೆ ಕಾಣುವುದು ಬೇರೆ. ಕಡಿಯುವವನು ಕೇಳಬೇಕು, ಕೇಳಿದವನಿಗೆ ಉತ್ತರಿಸಬೇಕಾದವನು ಊರಿನಲ್ಲಿಯೇ ಇದ್ದಾನೆ, ಇಬ್ಬರೂ ದೇವರಿಗೆ ಲೆಕ್ಕ ಕೊಡಬೇಕು. ಹೊಣೆಯ ಸರಪಳಿ ಊರೊಳಗೇ ಪೂರ್ಣವಾಗಿತ್ತು.

ಆ ಸರಪಳಿ ಕಡಿದದ್ದು ಮುಂದೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ಹಿಂದುಸ್ತಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ರೈಲುಹಳಿಗಳ ಅಡಿದಿಮ್ಮಿಗೆ, ಹಡಗಿಗೆ, ಕಟ್ಟಡಕ್ಕೆ ತೇಗ ಮೊದಲಾದ ಮರಗಳು ಬೇಕಾಗಿದ್ದವು. 1878ರ ಅರಣ್ಯ ಕಾಯಿದೆಯಿಂದ ಕಾಡುಗಳು ಕಾಯ್ದಿಟ್ಟ ಅರಣ್ಯಗಳಾದವು. ಸೊಪ್ಪು, ಸೌದೆ, ಮೇವು, ಬಿದಿರು, ಕುಮರಿ ಬೇಸಾಯ, ಎಲ್ಲಕ್ಕೂ ನಿಯಮ ಬಂತು, ದಂಡ ಬಂತು. ಹಿಂದೆ ದೇವರ ಸ್ವತ್ತಾಗಿದ್ದದ್ದು ಈಗ ಸರಕಾರಿ ಸ್ವತ್ತಾಯಿತು. ನಮ್ಮ ಜನರ ಬಾಯಲ್ಲಿ 'ಸರಕಾರಿ' ಎಂಬ ಶಬ್ದಕ್ಕೆ ಯಾರದೂ ಅಲ್ಲದ್ದು ಎಂಬ ಅರ್ಥ ಅಂದಿನಿಂದ ಅಂಟಿಕೊಂಡಿರಬೇಕು.

ಜನ ನೊಂದರು. ನೊಂದವರು ಕೂಡಿದರು. 1880ರ ದಶಕದಲ್ಲಿಯೇ ಈ ಜಿಲ್ಲೆಯಲ್ಲಿ ವನದುಃಖ ನಿವಾರಣಾ ಸಭೆ ಎಂಬ ಸಂಘಟನೆ ಹುಟ್ಟಿತು. ಆ ಹೆಸರನ್ನು ಗಮನಿಸಿರಿ. ಸಂಸ್ಥೆಯ ಹೆಸರಿನಲ್ಲಿಯೇ ದುಃಖವನ್ನು ಕೂಡಿಸಿಕೊಂಡರು, ಅಷ್ಟು ನೊಂದಿದ್ದರು. ಅವರು ಅನುಸರಿಸಿದ ಮಾರ್ಗ ಅರ್ಜಿಯ ಮಾರ್ಗ. ಸಾಹೇಬರಿಗೆ ಬರೆದುಕೊಳ್ಳುವುದು, ನಿಯಮ ಸಡಿಲಿಸಿರೆಂದು ಬೇಡುವುದು. ಅಂದಿನ ಕಾಲಕ್ಕೆ ಅದೇ ಧೈರ್ಯದ ಕೆಲಸ. ಬಾಯಿಲ್ಲದ ರೈತನಿಗೆ ಬಾಯಾದವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೂ ಅರ್ಜಿಯೆಂಬುದು ಬೇಡಿಕೆಯ ವಾಕ್ಯ. ಅದರ ಕರ್ತೃ ಸಾಹೇಬ. ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡನೆಯ ಮೆಟ್ಟಿಲು 1930ರಲ್ಲಿ ಬಂತು. ಗಾಂಧೀಜಿಯವರು ದಂಡಿಗೆ ನಡೆದ ವರ್ಷ ಅದು. ಘಟ್ಟದ ಕೆಳಗೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಘಟ್ಟದ ಮೇಲೆ ಅರಣ್ಯ ಸತ್ಯಾಗ್ರಹವಾಯಿತು. ಮುಂದೆ ಅಂಕೋಲೆ, ಸಿದ್ದಾಪುರ, ಶಿರಸಿಗಳ ರೈತರು ಕರನಿರಾಕರಣೆ ಹೂಡಿದರು. ಕಂದಾಯ ಕೊಡೆವು ಎಂದು ಹೇಳುವುದು ಸುಲಭ. ಆ ಮಾತಿನ ಫಲವನ್ನು ಉಣ್ಣುವುದು ಸುಲಭವಲ್ಲ. ಗದ್ದೆ ತೋಟ ಜಪ್ತಾದವು. ಮನೆಯ ಪಾತ್ರೆ, ಕೊಟ್ಟಿಗೆಯ ದನ ಹರಾಜಿಗೆ ಬಂದವು. ಗಂಡಸರು ಸೆರೆಮನೆ ಸೇರಿದರು. ಆಗ ಸಿದ್ದಾಪುರ ತಾಲೂಕಿನ ತಾಯಂದಿರು ಮಾಡಿದ ಕಾರ್ಯವನ್ನು ಈ ನೆಲದ ಮಕ್ಕಳು ಮರೆಯಬಾರದು. 1932ರಲ್ಲಿ ಮಾವಿನಗುಂಡಿಯಲ್ಲಿ, ಜಪ್ತಾದ ಸ್ವತ್ತನ್ನು ಕೊಂಡವರ ಮನೆಯ ಮುಂದೆ ಅವರು ಉಪವಾಸ ಕುಳಿತರು. ಕೊಂಡವರನ್ನು ಬೈಯಲಿಲ್ಲ, ಶಪಿಸಲಿಲ್ಲ. ಅವರ ತಪ್ಪಿಗೆ ತಮ್ಮ ಹೊಟ್ಟೆಯನ್ನು ಒಣಗಿಸಿದರು. 1934ರಲ್ಲಿ ಗಾಂಧೀಜಿಯವರು ಸಿದ್ದಾಪುರ, ಶಿರಸಿಗಳಿಗೆ ಬಂದರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ತರುವಾಯ, ಜಪ್ತಾದ ಭೂಮಿಯನ್ನು ಮರಳಿಸುವ ಕಾಯಿದೆಯಾಯಿತು.

ಇಲ್ಲಿ ಏನು ಬದಲಾಯಿತು? ದೂರು ಅದೇ. ಸರಕಾರ ಅನ್ಯಾಯ ಮಾಡುತ್ತಿದೆ ಎಂಬುದೇ. ಆದರೆ ದೂರುವವನು ಅದರ ಬೆಲೆಯನ್ನು ತಾನು ತೆರಲು ಒಪ್ಪಿದ. ಬೇಡುವುದನ್ನು ಬಿಟ್ಟು ತಾಳುವುದನ್ನು ಕಲಿತ. ಬೆಲೆ ತೆತ್ತು ಆಡಿದ ಮಾತಿಗೆ ತೂಕ ಬರುತ್ತದೆ.

ಮೂರನೆಯ ಮೆಟ್ಟಿಲಿಗೆ ಇನ್ನೂ 50 ವರ್ಷ ಬೇಕಾಯಿತು. ಸ್ವಾತಂತ್ರ್ಯ ಬಂತು. 1956ರಲ್ಲಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಕೂಡಿತು. ಸರಕಾರ ನಮ್ಮದೇ ಆಯಿತು. ಕಾಡು ಮಾತ್ರ ನಮ್ಮದಾಗಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೋಯಿತು. ಪ್ಲೈವುಡ್ಡಿಗೆ ದೊಡ್ಡ ಮರಗಳು ಹೋದವು. ಕಾಳಿ ನದಿಯ ವಿದ್ಯುತ್ ಯೋಜನೆಗೆ ಕಾಡು ಮುಳುಗಿತು. ನಾನಾ ಜಾತಿಯ ಮರಗಳಿದ್ದ ಕಾಡನ್ನು ಬೋಳಿಸಿ ತೇಗವೊಂದನ್ನೇ ಸಾಲಾಗಿ ನೆಟ್ಟರು. ತೇಗದ ತೋಪಿನಲ್ಲಿ ಸೊಪ್ಪಿಲ್ಲ, ಹಣ್ಣಿಲ್ಲ, ಜೇನಿಲ್ಲ. ಹಳ್ಳಗಳು ಬೇಸಗೆಗೆ ಮೊದಲೇ ಬತ್ತತೊಡಗಿದವು. ಜನ ಮತ್ತೆ ಅರ್ಜಿ ಬರೆದರು.

ಹಿಮಾಲಯದ ಗಢವಾಲದಲ್ಲಿ 1973ರಲ್ಲಿ ಚಿಪ್ಕೋ ಚಳವಳಿ ಹುಟ್ಟಿತ್ತು. ಕೊಡಲಿ ಬಂದಾಗ ಹಳ್ಳಿಗರು ಮರವನ್ನು ತಬ್ಬಿ ನಿಲ್ಲುವ ಕ್ರಮ ಅದು. 1974ರಲ್ಲಿ ರೇಣಿ ಎಂಬ ಗ್ರಾಮದಲ್ಲಿ ಗೌರಾದೇವಿ ಎಂಬ ತಾಯಿ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕಾಡನ್ನು ಉಳಿಸಿದ್ದಳು. ಆ ಚಳವಳಿಯ ಸುಂದರಲಾಲ ಬಹುಗುಣ ಅವರು ಶಿರಸಿ ಸೀಮೆಗೆ ಬಂದು ಇಲ್ಲಿಯ ಯುವಕರೊಡನೆ ಮಾತನಾಡಿದರು. ಪಾಂಡುರಂಗ ಹೆಗಡೆಯವರಂಥ ತರುಣರು ಊರೂರು ತಿರುಗಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಮತ್ತು ಸುತ್ತಲಿನ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು ಮಳೆಗಾಲದ ಕಾಡಿನಲ್ಲಿ ಮೈಲಿಗಟ್ಟಲೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿಕೊಂಡರು. 38 ದಿನ ಆ ಸತ್ಯಾಗ್ರಹ ನಡೆಯಿತು, ಕಡಿತ ನಿಂತಿತು. ನಮ್ಮ ಸಿದ್ದಾಪುರ ತಾಲೂಕಿನ ನಿಡಗೋಡಿನಲ್ಲಿಯೂ ನೂರಾರು ಜನ ಸೇರಿ ಕಡಿತವನ್ನು ತಡೆದರು.

ಅದರ ಹೆಸರು ಅಪ್ಪಿಕೋ. ಸುಮಾರು ನೂರು ವರ್ಷದ ಹಿಂದೆ ಹೆಸರಿನಲ್ಲಿ ದುಃಖವಿತ್ತು. ಈಗ ಹೆಸರಿನಲ್ಲಿ ಕ್ರಿಯೆ ಬಂತು. ಈ ಪದವನ್ನು ಕೊಂಚ ಬಿಡಿಸಿ ನೋಡೋಣ. ಅಪ್ಪಿಕೋ ಎಂಬುದು ವಿಧ್ಯರ್ಥ. ಇದರ ಕರ್ತೃ ಸಾಹೇಬನಲ್ಲ, ಮಂತ್ರಿಯಲ್ಲ, ಕೇಳುತ್ತಿರುವ ನೀನು. ಅದರಲ್ಲಿ 'ಕೊಳ್ಳು' ಎಂಬುದು ಸೇರಿದೆ. ಕನ್ನಡದಲ್ಲಿ 'ಕೊಳ್ಳು' ಸೇರಿದಾಗ ಕ್ರಿಯೆಯ ಫಲ ಮಾಡಿದವನಿಗೇ ಸಲ್ಲುತ್ತದೆ. ಸಂಸ್ಕೃತದ ಆತ್ಮನೇಪದಕ್ಕೆ ಹತ್ತಿರವಾದ ರೀತಿ. ಕೆಲಸವೂ ನಿನ್ನದು, ಫಲವೂ ನಿನ್ನದು. ಹಳ್ಳಿಯ ಜನ ವ್ಯಾಕರಣ ಓದದೆಯೇ ಇಂಥ ಹೆಸರನ್ನು ಆರಿಸಿದರು.

ಆ ಚಳವಳಿಯ ಮಂತ್ರ ಮೂರು ಪದಗಳದು: ಉಳಿಸು, ಬೆಳೆಸು, ಬಳಸು. ಕಡಿಯುವವರನ್ನು ತಡೆದರೆ ಉಳಿಸಿದಂತಾಯಿತು. ಅಲ್ಲಿಗೇ ನಿಂತಿದ್ದರೆ ಅದೂ ಒಂದು ದೊಡ್ಡ ದೂರೇ ಆಗುತ್ತಿತ್ತು. ಮುಂದಿನ ಎರಡು ಪದಗಳು ಮಾತನ್ನು ಮನೆಯೊಳಗೆ ತಂದವು. ಬೆಳೆಸು ಎಂದಾಗ ಊರಿನಲ್ಲಿ ಸಸಿಮಡಿ ಮಾಡಬೇಕಾಯಿತು, ಬೋಳುಗುಡ್ಡದಲ್ಲಿ ಗುಂಡಿ ತೋಡಬೇಕಾಯಿತು. ಬಳಸು ಎಂದಾಗ ಪ್ರತಿಯೊಬ್ಬ ತಾಯಿಯ ಒಲೆಯೂ, ಪ್ರತಿಯೊಬ್ಬ ಯಜಮಾನನ ಅಡಿಕೆ ಬೇಯಿಸುವ ಹಂಡೆಯೂ ವಿಚಾರಣೆಗೆ ಬಂತು. ಎಷ್ಟು ಸೌದೆ ಸುಡುತ್ತೀಯೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗವು ಕಡಿಮೆ ಸೌದೆಯ ಒಲೆಯನ್ನು ರೂಪಿಸಿತ್ತು. ಅಂಥ ಒಲೆಗಳು ಬಂದವು; ಕೊಟ್ಟಿಗೆಯ ಸಗಣಿಯಿಂದ ಗೋಬರ್ ಗ್ಯಾಸು ಬಂತು. ಕಾಡು ಹಾಳಾಯಿತೆಂದು ದೂರಿದವನು ತನ್ನ ಅಡಿಗೆಮನೆಯಿಂದಲೇ ಲೆಕ್ಕ ಕೊಡತೊಡಗಿದ.

ಬಂಧುಗಳೇ, ಈಗ ಕಠಿಣವಾದ ಮಾತಿಗೆ ಬರುತ್ತೇವೆ. ಇಂಗ್ಲಿಷ್ ಸರಕಾರದ ಕಾಲದಿಂದ ಈ ಮೂರು ತಾಲೂಕುಗಳ ತೋಟಿಗರಿಗೆ ಒಂದು ಸೌಲಭ್ಯ ಬಂದಿದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟ. ಭೂಮಿ ಸರಕಾರದ್ದು, ಸೊಪ್ಪು ಕಡಿದು ಗೊಬ್ಬರಕ್ಕೆ ಬಳಸುವ ಹಕ್ಕು ತೋಟಿಗನದು. ಕೆಲವರ ಬೆಟ್ಟದಲ್ಲಿ ಮತ್ತಿ, ಕಿಂದಳ, ನೇರಳೆ ಮರಗಳು ಇಂದಿಗೂ ತುಂಬಿ ನಿಂತಿವೆ. ಅವರ ಹಿರಿಯರು ವರ್ಷವರ್ಷವೂ ಮರ ಬದಲಿಸಿ, ತುದಿಯ ಹರೆ ಬಿಟ್ಟು ಸೊಪ್ಪು ಕಡಿದರು. ಇನ್ನು ಕೆಲವರ ಬೆಟ್ಟದಲ್ಲಿ ಮರಗಳು ಕೈಕಾಲು ಕಡಿದ ಕಂಬಗಳಂತೆ ನಿಂತಿವೆ. ಕೆಳಗೆ ದರಕೂ ಇಲ್ಲ, ಕೆಂಪು ಮಣ್ಣು ಮಳೆಗೆ ತೊಳೆದು ಹೋಗುತ್ತಿದೆ. ಆ ಬೆಟ್ಟವನ್ನು ಯಾವ ಕಂಟ್ರಾಕ್ಟರನೂ ಕಡಿಯಲಿಲ್ಲ. ಒಂದೇ ಕಾನೂನು, ಒಂದೇ ಮಳೆ, ಪಕ್ಕಪಕ್ಕದ ಬೆಟ್ಟ. ಭೇದ ಎಲ್ಲಿಂದ ಬಂತು? ಕತ್ತಿ ಹಿಡಿದ ಕೈಯಿಂದ ಬಂತು.

ಇನ್ನೂ ಒಂದು ಮಾತಿದೆ. ತೋಟವಿದ್ದವನಿಗೆ ಬೆಟ್ಟವಿದೆ. ತೋಟವಿಲ್ಲದ ಕೂಲಿಯವನಿಗೆ ಬೆಟ್ಟವಿಲ್ಲ. ಅವನ ಹೆಂಡತಿ ತಲೆಹೊರೆ ಸೌದೆಯನ್ನು ಎಲ್ಲಿಂದ ತರಬೇಕು? ಅವಳು ಒಂದು ಹೊರೆ ತಂದರೆ, ಇವರಿಂದಲೇ ಕಾಡು ಹಾಳಾಯಿತೆಂದು ಜಗಲಿಯ ಮೇಲೆ ಕುಳಿತವರು ದೂರುತ್ತಾರೆ. ಹೀಗೆ ದೂರು ಯಾವಾಗಲೂ ಕೆಳಕ್ಕೆ ಹರಿಯುತ್ತದೆ, ನೀರಿನಂತೆ. ಬಲವಿದ್ದವನಿಂದ ಹೊರಟು ಬಲವಿಲ್ಲದವನ ಮೇಲೆ ನಿಲ್ಲುತ್ತದೆ. ಹೊಣೆಯನ್ನು ಹೆಗಲಿನ ಬಲ ನೋಡಿ ಹಂಚಬೇಕು. ಯಾರಿಗೆ ಹೆಚ್ಚು ಬಂದಿದೆಯೋ ಅವರು ಹೆಚ್ಚು ಹೊರಬೇಕು. ದಾಸೋಹವೆಂದರೆ ಇದೇ ಅಲ್ಲವೇ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಮರಳಿ ಕಳಿಸಿದರು. ಆ ಮನೆಯಲ್ಲಿ ಬಡತನವಿತ್ತು. ಅವರು ಬಡತನವನ್ನು ದೂರಬಹುದಾಗಿತ್ತು, ರಾಜ್ಯವನ್ನು ದೂರಬಹುದಾಗಿತ್ತು. ಆ ತಾಯಿ ನೋಡಿದ್ದು ತನ್ನ ಗಂಡನ ಸೆರಗಿನ ಗಂಟನ್ನು. ಸೊಪ್ಪಿನಬೆಟ್ಟಕ್ಕೆ ಹೋಗುವವರೆಲ್ಲರೂ ಹೊರೆ ಕಟ್ಟುವ ಮುನ್ನ ಆ ತಾಯಿಯನ್ನು ನೆನೆಯಬೇಕು.

ಇಲ್ಲಿ ಒಂದು ಸಂದೇಹ ಏಳುತ್ತದೆ. ಎಲ್ಲ ಹೊಣೆಯನ್ನೂ ನಾವೇ ಹೊತ್ತರೆ ಅನ್ಯಾಯ ಮಾಡಿದವನು ಪಾರಾಗುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಹೊಣೆ ಹೊರುವುದೆಂದರೆ ಬಾಯಿ ಮುಚ್ಚುವುದೆಂದು ಯಾರೂ ತಿಳಿಯಬಾರದು. ಮಾವಿನಗುಂಡಿಯ ತಾಯಂದಿರು ಬಾಯಿ ಮುಚ್ಚಲಿಲ್ಲ. ಸಾಲ್ಕಣಿಯ ಜನ ಕೊಡಲಿಗೆ ದಾರಿ ಬಿಡಲಿಲ್ಲ. ನೊಂದವರಿಗೆ ಸಹಿಸಿಕೊಂಡಿರಿ ಎಂದು ಹೇಳುವುದು ಧರ್ಮವಲ್ಲ. ಕಲ್ಯಾಣದ ಶರಣರು ಹಾಗೆ ಹೇಳಿದವರೂ ಅಲ್ಲ. ಇನ್ನೊಬ್ಬನ ತಪ್ಪು ಅವನದೇ. ಅದನ್ನು ಎದುರು ನಿಂತು ಹೇಳಬೇಕು. ಅದರ ಜೊತೆಯಲ್ಲಿ ನಮ್ಮ ಪಾಲಿನದನ್ನು ನಾವು ಎತ್ತಬೇಕು. ತನ್ನ ಬೆಟ್ಟವನ್ನು ಹಸಿರಾಗಿಟ್ಟವನು ಅರಣ್ಯಾಧಿಕಾರಿಯ ಎದುರು ನಿಂತು ಕೇಳಿದಾಗ ಅಧಿಕಾರಿಯ ತಲೆ ತಗ್ಗುತ್ತದೆ. ಬೆಟ್ಟ ಬೋಳಿಸಿದವನು ಕೇಳಿದರೆ ಅಧಿಕಾರಿ ನಗುತ್ತಾನೆ.

ಕಾಡಿನ ಮಾತು ತೋಟಕ್ಕೂ ಸಲ್ಲುತ್ತದೆ. ಮಳೆಗಾಲದ ಕೊಳೆರೋಗವನ್ನು ನಮ್ಮ ಹಿರಿಯರು ಬಹುಕಾಲ ಹಣೆಬರಹವೆಂದೇ ತಿಳಿದಿದ್ದರು. ಕೊನೆಗಳಿಗೆ ಕೊಟ್ಟೆ ಕಟ್ಟಿ ಕೈಲಾದಷ್ಟು ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣ ಮಲೆನಾಡಿಗೆ ಬಂತು. ಆದರೆ ಅದನ್ನು ಮಳೆ ಹಿಡಿಯುವ ಮುನ್ನ ಹೊಡೆಯಬೇಕು. ಕೊಳೆ ಬಂದ ಮೇಲೆ ಆಕಾಶವನ್ನು ಬೈದರೆ ಕಾಯಿ ನಿಲ್ಲುವುದಿಲ್ಲ. ಒಬ್ಬ ಹೊಡೆದು ನೆರೆಯವನು ಬಿಟ್ಟರೆ, ಅವನ ತೋಟದ ಕೊಳೆ ಇವನ ತೋಟಕ್ಕೂ ಬರುತ್ತದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವು ಮಲೆನಾಡಿನ ತೋಟಿಗರನ್ನು ಕಂಗೆಡಿಸಿದೆ. ಸರಕಾರ ಸಹಾಯ ಮಾಡಬೇಕು, ವಿಜ್ಞಾನಿಗಳು ಮದ್ದು ಹುಡುಕಬೇಕು. ಅದನ್ನು ಗಟ್ಟಿಯಾಗಿಯೇ ಕೇಳಿರಿ. ಆದರೆ ರೋಗ ಹಿಡಿದ ಸೋಗೆಯನ್ನು ತೋಟದಿಂದ ಹೊರಗೆ ಸಾಗಿಸುವ ಕೆಲಸಕ್ಕೆ ಯಾವ ಮಂತ್ರಿಯೂ ಬರುವುದಿಲ್ಲ.

ಹೀಗೆ ನಮ್ಮ ಸೀಮೆಯ ಇತಿಹಾಸ ಮೂರು ಮೆಟ್ಟಿಲುಗಳನ್ನು ತೋರಿಸಿದೆ. ವನದುಃಖ ನಿವಾರಣಾ ಸಭೆಯವರು ಬೇಡಿದರು. ಕರನಿರಾಕರಣೆಯವರು ತಾಳಿದರು. ಅಪ್ಪಿಕೋದವರು ಮಾಡಿದರು. ಬೇಡುವುದರಿಂದ ತಾಳುವುದು ದೊಡ್ಡದು. ತಾಳುವುದರ ಮೇಲೆ ಮಾಡುವುದು ನಿಂತಿದೆ. ನಾವು ಇಂದು ಯಾವ ಮೆಟ್ಟಿಲ ಮೇಲಿದ್ದೇವೆ ಎಂಬುದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಇಷ್ಟಲಿಂಗದ ಎದುರು ಕೇಳಿಕೊಳ್ಳತಕ್ಕದ್ದು. ಪೂಜೆಗೆ ಕುಳಿತಾಗ ಅಂಗೈಯಲ್ಲಿ ಲಿಂಗವಿರುತ್ತದೆ. ಆ ಅಂಗೈ ಬೇರೆ ಯಾರದೂ ಅಲ್ಲ. ಶರಣರು ದೇವರನ್ನೇ ಪ್ರತಿಯೊಬ್ಬನ ಕೈಗೆ ಕೊಟ್ಟರು. ಪೂಜೆಯನ್ನು ಇನ್ನೊಬ್ಬರಿಂದ ಮಾಡಿಸುವ ಅಭ್ಯಾಸವನ್ನು ಬಿಡಿಸಿದರು. ದೇವರ ಹೊಣೆಯನ್ನೇ ಹೊರಬಲ್ಲ ಕೈ ಒಂದು ಬೆಟ್ಟದ, ಒಂದು ಕೆರೆಯ, ಒಂದು ಓಣಿಯ ಹೊಣೆಯನ್ನು ಹೊರಲಾರದೇ?

ಮುಂದಿನ ಸಲ ಮಠಕ್ಕೆ ಬರುವಾಗಲೂ ದೂರು ತನ್ನಿರಿ, ಬೇಡವೆನ್ನುವುದಿಲ್ಲ. ಗುರುವಿನ ಎದುರು ಹೇಳದೆ ಇನ್ನಾರ ಎದುರು ಹೇಳುತ್ತೀರಿ? ಆದರೆ ಅದರೊಡನೆ ಒಂದು ವಾಕ್ಯವನ್ನೂ ಕೂಡಿಸಿ ತನ್ನಿರಿ. ಆ ವಾಕ್ಯ 'ನಾನು' ಎಂದು ಆರಂಭವಾಗಲಿ, 'ಮಾಡಿದೆ' ಎಂದು ಮುಗಿಯಲಿ. ನಡುವೆ ಏನಿದೆ ಎಂದು ನಾವು ಆನಂದದಿಂದ ಕೇಳುತ್ತೇವೆ.

ಬಸವಾದಿ ಪ್ರಮಥರ ಕೃಪೆ ನಿಮ್ಮೆಲ್ಲರ ಮೇಲಿರಲಿ. ನಿಮ್ಮ ಬೆಟ್ಟ ಹಸಿರಾಗಲಿ, ತೋಟ ತುಂಬಲಿ, ಮನೆಮನೆಯಲ್ಲಿ ಕಾಯಕ ದಾಸೋಹಗಳು ನೆಲೆಸಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಮಂಗಳವಾಗಲಿ.